ಮಳೆಗೆ ಮುಂಚೆ ಚಪ್ಪರ ಇಳಿಸುತ್ತಿದ್ದವರು

ಗಂಗಾನಗರದ ವಹಾಬ್ ಸಾಬರ ಬಲಗಾಲಿನ ಹೆಬ್ಬೆರಳಿಗೆ ಬೇಸಿಗೆ ಪೂರ್ತಿ ಒಂದು ಬಟ್ಟೆಯ ಸುತ್ತು ಇರುತ್ತಿತ್ತು. ಯುಗಾದಿ ಕಳೆದದ್ದೇ ಅವರ ಮುಖ ಆಕಾಶಕ್ಕೆ ತಿರುಗಿಬಿಡುತ್ತಿತ್ತು. ದಾರಿಯಲ್ಲಿ ಕಲ್ಲಿದೆಯೆಂಬುದು ಎಡವಿದ ಮೇಲಷ್ಟೇ ತಿಳಿಯುತ್ತಿತ್ತು. ಶಾಮಿಯಾನ ಬಾಡಿಗೆಗೆ ಕೊಡುವುದು ಅವರ ಕಸುಬು. ಏಪ್ರಿಲ್ ಬಿಸಿಲಲ್ಲೂ ಮೈಮೇಲೆ ಖಾಕಿ ಕೋಟು, ಜೇಬಿನಲ್ಲಿ ಹಗ್ಗದ ತುಂಡುಗಳು. ಮಾತಾಡುತ್ತ ನಿಂತಾಗಲೂ ಬೆರಳುಗಳು ಜೇಬಿನೊಳಗೇ ಗಂಟು ಹಾಕುತ್ತ ಬಿಚ್ಚುತ್ತ ಇರುತ್ತಿದ್ದವು.

ಪುರೋಹಿತರು ಲಗ್ನ ಇಟ್ಟುಕೊಟ್ಟ ಮೇಲೆ, ಪತ್ರಿಕೆ ಅಚ್ಚಿಗೆ ಕೊಡುವ ಮೊದಲು, ಸುತ್ತಲಿನ ಜನ ಸಾಬರ ಬಳಿ ಬಂದು ಆ ದಿನದ ಮಳೆಯ ಬಗ್ಗೆ ಕೇಳುವುದು ಆಗ ರೂಢಿಯೇ ಆಗಿತ್ತು. "ಬರಲ್ಲ" ಎಂದು ಅವರು ಯಾರಿಗೂ ಮಾತು ಕೊಟ್ಟವರಲ್ಲ. "ಊಟ ಮೂರಕ್ಕೆ ಮುಗಿಸ್ಬಿಡಿ" ಎನ್ನುವರು, ಅಷ್ಟೆ. ದಿನವೂ ಮಧ್ಯಾಹ್ನ ಸೈಕಲ್ ತುಳಿದು ಹೆಬ್ಬಾಳದ ಕೆರೆ ಏರಿಗೆ ಹೋಗಿ ನಂದಿಬೆಟ್ಟದ ದಿಕ್ಕಿಗೆ ನೋಡುವರು. ಬೆಟ್ಟ ಮಸುಕಾಗಿದ್ದರೆ ನಿಶ್ಚಿಂತೆ. ಅದು ನಿಚ್ಚಳವಾಗಿ ಕಂಡು, ನೆತ್ತಿಯ ಮೇಲೆ ಮೋಡ ಹೂಕೋಸಿನಂತೆ ಅರಳತೊಡಗಿದರೆ ಮಳೆ ಬಯಲಿಗೆ ಇಳಿಯಲು ಇನ್ನು ಎರಡು ಗಂಟೆಯ ಗಡುವು. ಶಾಲೆಯಲ್ಲಿ ಭೂಗೋಳ ಹೇಳುವ ನನ್ನನ್ನು ಕೆಣಕುವರು: "ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಮಳೆ ಜೂನಿಗೆ ಶುರು. ಅದು ಪುಸ್ತಕ ಓದ್ಕೊಂಡು ಬರಲ್ಲ ಕಣ್ರೀ."

ಅವರಿಗೆ ಭಯವಿದ್ದದ್ದು ಮಳೆಯದಲ್ಲ, ಮಳೆಗೆ ಮುಂಚಿನ ಗಾಳಿಯದು. ಎಪ್ಪತ್ತೊಂದರ ಮೇ ತಿಂಗಳಲ್ಲಿ, ಬ್ಯಾಟರಾಯನಪುರದ ಒಂದು ಮದುವೆಯಲ್ಲಿ, ಮೋಡ ಕಂಡೂ ಅವರು ಚಪ್ಪರ ಇಳಿಸದೆ ಕಾದಿದ್ದರು. ಗಾಳಿ ಬಟ್ಟೆಯ ಕೆಳಗೆ ನುಗ್ಗಿ ಕಂಬಗಳನ್ನು ಕಿತ್ತೆಸೆಯಿತು. ನಡುಗಂಬ ಹಿಡಿದು ನಿಂತಿದ್ದ ಅವರ ಜೊತೆಗಾರ ಆಂಜಿನಪ್ಪ ಅದರಡಿ ಸಿಕ್ಕಿ ಸತ್ತ. "ಪಾಯಸ ಬಡಿಸೋದಿತ್ತು ಮೇಷ್ಟ್ರೇ. ಹತ್ತು ನಿಮಿಷ ಅಂತ ಕಾದೆ," ಎಂದು ಒಮ್ಮೆ ಹೇಳಿದ್ದರು. ಮತ್ತೆಂದೂ ಆ ಮಾತೆತ್ತಲಿಲ್ಲ. ಅಂದಿನಿಂದ ಅನುಮಾನ ಬಂದರೆ ಸಾಕು, ಪಂಕ್ತಿಯ ನಡುವೆಯಾದರೂ ಜನರನ್ನು ಎಬ್ಬಿಸಿ ಚಪ್ಪರ ಇಳಿಸಿಬಿಡುವರು.

ಎಪ್ಪತ್ತೊಂಬತ್ತರಲ್ಲಿ ನಮ್ಮ ಬೀದಿಯ ಮುನಿಕೃಷ್ಣಮ್ಮನವರ ಮಗಳ ಮದುವೆ. ಧಾರೆ ಮರುದಿನ ಬೆಳಗ್ಗೆ. ಹಿಂದಿನ ದಿನ ಮಧ್ಯಾಹ್ನ ಸಾಬರು ಏರಿಯಿಂದ ಅವಸರವಾಗಿ ಬಂದು ಹಗ್ಗ ಬಿಚ್ಚತೊಡಗಿದರು. "ಬೀಗ್ರು ಬರೋ ಹೊತ್ತು, ಬೇಡ ಸಾಬ್ರೇ," ಎಂದು ಆಕೆ ಅಂಗಲಾಚಿದರೂ ಕೇಳಲಿಲ್ಲ. ಹೆಸರಘಟ್ಟದಿಂದ ಗಂಡಿನ ಕಡೆಯವರು ಬಂದಿಳಿದಾಗ ಶಾಮಿಯಾನ ನೆಲದ ಮೇಲೆ ಮಡಿಸಿ ಬಿದ್ದಿತ್ತು, ತಲೆಯ ಮೇಲೆ ಬಿಸಿಲು ಕಾಯುತ್ತಿತ್ತು. ವರನ ತಂದೆ ಚಿಕ್ಕಮಾರಯ್ಯ ಬೀದಿಯಲ್ಲೇ ನಿಂತರು.

"ಧಾರೆಗ್ ಮುಂಚೆ ಚಪ್ಪರ ಕೆಡವಿದ್ ಕೈ ಯಾವ್ದಮ್ಮ? ಇಂಗಾದ್ರೆ ಈ ಸಂಬಂಧ ನಡದಂಗೆ!"

"ನನ್ನ ಕೈ ಯಜಮಾನ್ರೇ," ಎಂದು ಸಾಬರು ಮುಂದೆ ಬಂದರು. "ಬೆಟ್ಟದ ಮೇಲೆ ಮೋಡ ಎದ್ದಿದೆ. ಇವ್ರು ಬೇಡ ಅಂದ್ರು, ನಾನೇ ಇಳಿಸ್ದೆ. ಒಂದು ಗಂಟೆ ತಡೀರಿ, ಗಾಳಿ ಬರುತ್ತೆ."

"ಎಲ್ಲೈತಯ್ಯ ಗಾಳಿ? ನಿನ್ ಕೋಟಿನ ಜೇಬ್ನಾಗಾ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ಚಿಕ್ಕಮಾರಯ್ಯನವರೊಬ್ಬರನ್ನು ಬಿಟ್ಟು.

ಕಾದರು. ಮುನಿಕೃಷ್ಣಮ್ಮ ಬಾಗಿಲ ಚೌಕಟ್ಟು ಹಿಡಿದು ಸಾಬರ ಮುಖವನ್ನೇ ನೋಡುತ್ತಿದ್ದರು. ಮಗಳ ಮದುವೆ ಉಳಿಯಬೇಕಾದರೆ ಈಗ ಬಿರುಗಾಳಿ ಬೀಸಲೇಬೇಕಿತ್ತು. ಬೀಸಲಿಲ್ಲ. ಮೋಡ ಹೆಸರಘಟ್ಟದ ಕಡೆಗೆ ಸರಿದು ಚದುರಿಹೋಯಿತು.

ಸಾಬರು ಕೈಮುಗಿದರು. "ಮೋಡ ಬೇರೆ ದಾರಿ ಹಿಡೀತು. ತಪ್ಪು ನಂದು. ಅಪಶಕುನ ಏನಿದ್ರೂ ನನ್ನ ತಲೆ ಮೇಲಿರ್ಲಿ ಯಜಮಾನ್ರೇ, ಆ ಮಗೂದೇನಿದೆ?"

ಚಿಕ್ಕಮಾರಯ್ಯ ನೆಲದ ಮೇಲಿದ್ದ ಶಾಮಿಯಾನವನ್ನೊಮ್ಮೆ, ಬಾಗಿಲಲ್ಲಿದ್ದ ಮುನಿಕೃಷ್ಣಮ್ಮನವರನ್ನೊಮ್ಮೆ ನೋಡಿದರು. ಆಮೇಲೆ, ಮತ್ತೆ ಕಟ್ಟಲಿ, ಆದರೆ ಇವನ ಕೈ ಹಗ್ಗಕ್ಕೆ ಸೋಕಕೂಡದು ಎಂದರು. ಆಳುಗಳು ಕಟ್ಟಿದರು. ಸಾಬರು ಬೀದಿಯ ಆಚೆ ಬದಿಯಲ್ಲಿ ನಿಂತು, ಸಡಿಲ ಕಂಡಲ್ಲೆಲ್ಲ ಕೈಸನ್ನೆಯಿಂದ ಬಿಗಿ ಮಾಡಿಸುತ್ತಿದ್ದರು. ನಾನು ಹತ್ತಿರ ಹೋಗಿ, ಇನ್ನಾದರೂ ಈ ಹಠ ಬಿಡಿ ಎಂದೆ.

"ನಾಳೆ ಮೋಡ ಕಂಡ್ರೆ ನಾಳೇನೂ ಇಳಿಸ್ತೀನಿ," ಎಂದರು. "ಗಾಳಿ ಬರ್ದಿದ್ರೆ ಬೈಗುಳ ತಾನೆ ಮೇಷ್ಟ್ರೇ."

ಮರುದಿನ ಧಾರೆ ನಡೆಯಿತು. ಆ ಹುಡುಗಿ ಇಂದಿಗೂ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಆದರೆ ಆ ಬೇಸಿಗೆ ಅರ್ಧ ಊರು ಬೇರೆ ಶಾಮಿಯಾನದವರನ್ನು ಹುಡುಕಿಕೊಂಡಿತು. ಸಾಬರು ಬದಲಾಗಲಿಲ್ಲ. ಎಂಬತ್ತಾರರ ಮಾರ್ಚಿನಲ್ಲಿ, ಮದುವೆಗಳು ಶುರುವಾಗುವ ಮೊದಲೇ, ಜ್ವರದಲ್ಲಿ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ, ಅವರಿಂದ ಜೀವ ಉಳಿದವರು ಯಾರು ಯಾರು ಎಂದು ನೆನಪಿಸಿಕೊಳ್ಳಲು ಕೂತೆ. ಒಂದು ಹೆಸರೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಚಪ್ಪರ ಇಳಿದ ಮೇಲೆ ಬೀಸಿದ ಗಾಳಿಗೆ ಕೆಡವಲು ಅಲ್ಲಿ ಏನೂ ಇರುತ್ತಿರಲಿಲ್ಲ. ಅವರು ತಪ್ಪಿದ ಒಂದು ದಿನ ಮಾತ್ರ ಬೀದಿಗೆಲ್ಲ ನೆನಪಿದೆ. ಅನಾಹುತಕ್ಕಿಂತ ಮುಂಚೆ ಎದ್ದು ನಿಲ್ಲುವವರ ಪಾಡು ಬಹುಶಃ ಇಷ್ಟೇ: ಅವರ ಮಾತು ನಿಜವಾದ ದಿನ ಯಾರಿಗೂ ಏನೂ ಆಗಿರುವುದಿಲ್ಲ, ಏನೂ ಆಗದ ದಿನವನ್ನು ಯಾರು ನೆನೆಯುತ್ತಾರೆ? ನಾವೆಲ್ಲ ಅವರ ನೆರಳಲ್ಲಿ ಉಂಡೆವು, ಎಲೆಯ ಮುಂದಿನಿಂದ ಎಬ್ಬಿಸಿದರೆಂದು ಬೈದುಕೊಂಡೆವು, ಮಕ್ಕಳ ಕೈ ಹಿಡಿದು ನೆಟ್ಟಗೆ ಮನೆ ಸೇರಿದೆವು.