ರಾಜೇಶ್ವರಿಯ ಹೊಲ ಚರಗ ಉಂಡದ್ದು

ಎಳ್ಳಮಾವಾಸ್ಯೆಯ ದಿನ ಕಾಖಂಡಕಿಯ ಬನ್ನಿಗಿಡದ ಕೆಳಗೆ ನಡೆದ ಈ ಕಥೆಯನ್ನು ಬಬಲೇಶ್ವರದ ಕಡೆಯವರು ಹಲವು ಬಗೆಯಾಗಿ ಹೇಳುತ್ತಾರೆ. ಕೆಲವರ ಬಾಯಲ್ಲಿ ಬಂದ ಕಾಗೆ ಒಂದೇ; ಇನ್ನು ಕೆಲವರ ಬಾಯಲ್ಲಿ ಅದು ಹಿಂಡು. ಆದರೆ ಪಂಥ ಕಟ್ಟಿದವರು ಯಾರು, ಗೆದ್ದವರು ಯಾರು ಎಂಬಲ್ಲಿ ಎಲ್ಲರ ಮಾತೂ ಒಂದೇ.

ರಾಜೇಶ್ವರಿ ಕಾಖಂಡಕಿಯ ಒಕ್ಕಲು ಮನೆತನದ ಮಗಳು. ಅವಳನ್ನು ಕೊಟ್ಟದ್ದು ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಸೀರೆ ಅಂಗಡಿಯಿದ್ದ ಮನೆಗೆ. ಆ ಮನೆಯವರಿಗೆ ಅಜ್ಜನ ಕಾಲದಿಂದ ವ್ಯಾಪಾರವುಂಟು, ಅಂಗೈಯಗಲ ಹೊಲವಿಲ್ಲ. ಬೆಳಗಾದರೆ ಗಿರಾಕಿಗಳ ಮುಂದೆ ಸೀರೆ ಬಿಚ್ಚಬೇಕು, ಅವರು ಎದ್ದುಹೋದ ಮೇಲೆ ಮಡಚಿಡಬೇಕು. ಮಡಚಿಟ್ಟದ್ದನ್ನು ಮುಂದಿನವರಿಗೆ ಮತ್ತೆ ಬಿಚ್ಚಬೇಕು. ಸಂಜೆ ತಿರುಗಿ ನೋಡಿದರೆ ಅವಳು ಇಡೀ ದಿನ ದುಡಿದ ಗುರುತು ಎಲ್ಲಿಯೂ ಉಳಿದಿರುತ್ತಿರಲಿಲ್ಲ.

ಅವಳ ಮೊಬೈಲಿಗೆ ಒಕ್ಕಲುತನದ ಆಟ ಹಾಕಿಕೊಟ್ಟವಳು ತಿಕೋಟಾದ ಗೆಳತಿ ಶೈಲಾ. ಶೈಲಾಳ ಮನೆಯಲ್ಲಿ ನಿಜವಾದ ದ್ರಾಕ್ಷಿತೋಟವೇ ಇತ್ತು.

"ತ್ವಾಟ ಇದ್ದಾಕಿಗೆ ಈ ಆಟ ಯಾಕ ಬೇ?" ಎಂದು ರಾಜೇಶ್ವರಿ ನಕ್ಕಳು.

"ನಮ್ಮ ತ್ವಾಟದ ಮ್ಯಾಲ ಮೋಡ ಕಟ್ಟಿದ್ರ ನನ್ನ ಎದಿ ಢವಢವ ಅಂತೈತಿ. ಹಣ್ಣ ಕೊಳಿತಾವೋ, ರೋಗ ಹತ್ತತೈತೋ! ಈ ಹೊಲದಾಗ ಮಳಿ ಬಂದ್ರ ಬರೇ ಮಳಿ ನೋಡು. ಛಂದ ಕುಂತು ನೋಡೂದು, ಅಷ್ಟ."

ಆಟದಲ್ಲಿ ಹುಲ್ಲಿನ ಟೋಪಿ ಹಾಕಿದ ಒಬ್ಬ ಪುಟ್ಟ ಹೆಣ್ಣುಮಗಳಿದ್ದಳು. ಅವಳ ಕೈಯಿಂದ ನೆಲ ಅಗೆಸಿ, ಬೀಜ ಊರಿಸಿ, ನೀರು ಹಾಕಿಸಿ, ಗುಡಿಸಲಿಗೆ ಕಳಿಸಿ ಮಲಗಿಸಬೇಕು. ಅವಳು ಮಲಗಿದರೆ ಆ ಲೋಕದಲ್ಲಿ ಮರುದಿನ ಬೆಳಗಾಗುತ್ತಿತ್ತು. ನಿನ್ನೆ ಊರಿದ್ದು ಇಂದು ಮೊಳಕೆಯೊಡೆದು ನಿಂತಿರುತ್ತಿತ್ತು. ಮಾಡಿದ ಕೆಲಸ ಮಾಡಿದಲ್ಲಿಯೇ ಇರುತ್ತಿತ್ತು. ಯಾರೂ ಬಂದು ಮಡಚಿಡುತ್ತಿರಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ರಾಜೇಶ್ವರಿ ಗಾದಿಯ ಮೂಲೆಗೆ ಒರಗಿ ತನ್ನ ಹೊಲದ ಸಾಲುಗಳ ನಡುವೆ ನಡೆದು ಬರುತ್ತಿದ್ದಳು. ತವರಿನ ಹೊಲ ಅಣ್ಣನದು, ಅಂಗಡಿ ಅತ್ತೆಯ ಮನೆಯದು. ಇದೊಂದಕ್ಕೆ ಮಾತ್ರ ಅವಳು ತನ್ನ ಹೆಸರಿಟ್ಟಿದ್ದಳು.

ಅತ್ತೆ ಹೀರಾಬಾಯಿಯ ಕಣ್ಣಿಗೆ ಇದು ಎಷ್ಟು ದಿನ ಬೀಳದಿದ್ದೀತು?

"ಏನ್ ಬೇ ಅದು, ಹೊತ್ತಿಲ್ಲ ಗೊತ್ತಿಲ್ಲ ತಿಕ್ಕತಿರತಿ?"

"ಹೊಲ ರೀ ಅತ್ತ್ಯಾರ. ನನ್ನ ಹೊಲ."

ಆ 'ನನ್ನ' ಎಂಬ ಮಾತು ಹೀರಾಬಾಯಿಗೆ ನಾಟಿತು. "ಅಯ್ಯ, ಇವಳ ಹೊಲವಂತ! ಉಗರಾಗ ಮಣ್ಣ ಸಿಗಲಾರದ್ದು ಯಾವ ಹೊಲನ ನಮ್ಮವ್ವ? ನೀ ಒಕ್ಕಲಿಗರ ಮಗಳು, ನೀನ ಹೇಳು. ಎಳ್ಳಮಾಸಿಗೆ ಚರಗ ಉಣ್ಣಲಾರದ ಭೂಮಿ ಭೂಮಿ ಏನು?"

ಚರಗವೆಂದರೆ ಭೂಮಿತಾಯಿಗೆ ಹಾಕುವ ಎಡೆ. ಎಳ್ಳಮಾವಾಸ್ಯೆಯ ದಿನ ಹೊಲದವರು ಬಗೆಬಗೆಯ ಅಡುಗೆ ಮಾಡಿ, ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಅದನ್ನು ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅತ್ತೆ ಎತ್ತಿದ್ದು ಆ ಮಾತು. ರಾಜೇಶ್ವರಿಗೆ ಇಲ್ಲವೆನ್ನಲು ಬರುವಂತಿರಲಿಲ್ಲ.

"ಉಣಿಸ್ತೇನ್ರಿ," ಎಂದಳು.

"ಉಣಿಸಿದಿ ಅಂದ್ರ ನಿನ್ನ ಹೊಲದ ತಂಟೇಕ ನಾ ಬರಂಗಿಲ್ಲ. ಉಣಿಸಲಿಲ್ಲ ಅಂದ್ರ ಅಲ್ಲೇ, ಎಲ್ಲಾರ ಮುಂದ, ನಿನ್ನ ಕೈಲೇನ ಅಳಿಸಿ ಹಾಕಬೇಕು. ನಿಮ್ಮಣ್ಣನ ನ್ಯಾಯ ಹೇಳಲಿ."

ಬಟ್ಟೆಯ ಥಾನು ಅಳೆಯುತ್ತಿದ್ದ ಹೀರಾಬಾಯಿಯ ಮಗ, ರಾಜೇಶ್ವರಿಯ ಗಂಡ ಹೇಮಂತ ತಲೆಯೆತ್ತಿದ. "ಯವ್ವಾ, ಅದು ಆಟ..."

"ನೀ ಸುಮ್ನಿರು!" ಎಂದರು ಅತ್ತೆ ಸೊಸೆ ಇಬ್ಬರೂ ಕೂಡಿಯೇ.

ಅಮಾವಾಸ್ಯೆಯಂದು ಮನೆಯವರೆಲ್ಲ ಎಂದಿನಂತೆ ಕಾಖಂಡಕಿಗೆ ಬಂದರು. ಎರೆಹೊಲದಲ್ಲಿ ಬಿಳಿಜೋಳ ಎದೆಯೆತ್ತರ ಬಂದಿತ್ತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದ್ದರು. ರಾಜೇಶ್ವರಿಯ ಅಣ್ಣ ಸಂಗನಬಸವ ತನ್ನ ಕವಣೆಯನ್ನು ಗಿಡದ ಕೊಂಬೆಗೆ ತೂಗುಹಾಕಿದ. ಚರಗದ ದಿನ ಹೊತ್ತು ಮುಳುಗುವ ತನಕ ಆ ಹೊಲದಲ್ಲಿ ಹಕ್ಕಿ ಓಡಿಸುವ ಹಾಗಿಲ್ಲ, ಚಪ್ಪಾಳೆ ಕೂಡ ತಟ್ಟುವಂತಿಲ್ಲ. ಅದು ಅವರ ಮನೆತನದ ಕಟ್ಟಳೆ. ಬಳಿಕ ಅವನು ಸಜ್ಜೆರೊಟ್ಟಿ, ಕಡಬು, ಪುಂಡಿಪಲ್ಯ, ಭಜ್ಜಿ ಕಲಸಿದ ಬುಟ್ಟಿ ಹಿಡಿದು "ಹುಲ್ಲುಲ್ಲಿಗ್ಯೋ!" ಎಂದು ಕೂಗುತ್ತ ಹೊಲ ಸುತ್ತಿ ಚೆಲ್ಲಿ ಬಂದ.

ಕೈ ತೊಳೆಯುವುದರೊಳಗೆ ಹೀರಾಬಾಯಿ ಕೇಳಿಯೇಬಿಟ್ಟಳು. "ಬೀಗರ ಹೊಲದ್ದು ಆತು. ಇನ್ನ ನಮ್ಮ ಗೌಡಸಾನಿ ಹೊಲದ್ದು?"

ಎಲ್ಲರೂ ನಕ್ಕು ಮೊಬೈಲಿನ ಸುತ್ತ ತಲೆ ಕೂಡಿಸಿದರು. ರಾಜೇಶ್ವರಿ ಸಿದ್ಧವಾಗಿಯೇ ಬಂದಿದ್ದಳು. ಆಟದ ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟಿದ್ದಳು, ಕುಂಬಳದ ಸಾರು ಕುದಿಸಿದ್ದಳು. ಅವನ್ನೆಲ್ಲ ಹೊಲದ ನಾಲ್ಕು ಮೂಲೆಗೆ ಇಡಿಸಿ, ಪುಟ್ಟ ಹೆಣ್ಣುಮಗಳನ್ನು ಮಲಗಿಸಿದಳು. ಬೆಳಗಾಯಿತು. ಇಟ್ಟ ಎಡೆ ಇಟ್ಟಂತೆಯೇ ಇತ್ತು.

"ಹಕ್ಕಿ ಮುಟ್ಟಿಲ್ಲ, ಇರಿವಿ ಹತ್ತಿಲ್ಲ. ಇದಕ್ಕ ಚರಗ ಅಂತಾರೇನ್ರಿ ಬೀಗರ?"

ಸಂಗನಬಸವ ತಂಗಿಯ ಮುಖ ನೋಡಿದ. ಅವಳ ಪರ ಹೇಳಬೇಕೆಂಬ ಆಸೆ ಅವನಿಗೆ ಬಹಳ ಇತ್ತು. ಆದರೆ ಚರಗದ ಬುಟ್ಟಿ ಹಿಡಿದ ಕೈ ಇನ್ನೂ ಹಸಿಯಾಗಿತ್ತು. "ಇಲ್ರೀ," ಎಂದ ಮೆಲ್ಲಗೆ. "ಉಂಡವರು ಬೇಕವಾ ತಂಗಿ. ಉಂಡವರಿಲ್ಲಂದ್ರ ಅದು ಬರೇ ಇಟ್ಟದ್ದು."

ನ್ಯಾಯ ಮುಗಿದಿತ್ತು. ಹೊಲ ಅಳಿಸುವ ಗುಂಡಿ ಎಲ್ಲಿದೆಯೆಂದು ರಾಜೇಶ್ವರಿಗೆ ಗೊತ್ತಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಕಣ್ಣು ತುಂಬಿ ಬಂದದ್ದು ಯಾರಿಗೂ ಕಾಣದಿರಲೆಂದು ಅವಳು ತಲೆಯೆತ್ತಿ ಅಣ್ಣನ ಹೊಲದ ಕಡೆ ನೋಡಿದಳು. ಅಲ್ಲಿ ಕಾಗೆ, ಬೆಳವ, ಗೊರವಂಕಗಳು ಯಾರ ಅಂಜಿಕೆಯೂ ಇಲ್ಲದೆ ಚರಗ ಹೆಕ್ಕುತ್ತಿದ್ದವು. ಅವುಗಳ ತಲೆಯ ಮೇಲೆ ಕೊಂಬೆಯಲ್ಲಿ ಕವಣೆ ಸುಮ್ಮನೆ ತೂಗುತ್ತಿತ್ತು.

ತನ್ನ ಹೊಲಕ್ಕೆ ಹಕ್ಕಿ ಯಾಕೆ ಬರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಆಟದ ಕಾಗೆ ಬೇಯಿಸಿದ್ದನ್ನು ಮುಟ್ಟುವುದಿಲ್ಲ. ನಿಂತ ಬೆಳೆಯನ್ನೇ ಮೇಯುತ್ತದೆ. ಅದಕ್ಕೆಂದೇ ಅವಳು ಹೊಲದ ನಟ್ಟನಡುವೆ ಒಂದು ಬೆದರುಗೊಂಬೆ ನಿಲ್ಲಿಸಿ, ತಿಂಗಳುಗಟ್ಟಲೆ ಒಂದೂ ಕಾಗೆ ಸುಳಿಯಗೊಟ್ಟಿರಲಿಲ್ಲ.

"ತಡೀರಿ ಅತ್ತ್ಯಾರ," ಎಂದು ಅವಳು ಬೆದರುಗೊಂಬೆಯನ್ನು ಕಿತ್ತಳು.

ಆಟ ಬಲ್ಲ ಹೇಮಂತ ಗಾಬರಿಯಾದ. "ಏ, ಗೋಂಜಾಳ ಪೂರಾ ಬಲಿತೈತಿ, ತಿಂದ ಹೋಗ್ತಾವ!"

"ಹೋಗ್ಲಿ. ಕೊಟ್ಟದ್ದು ಹೋಗಬೇಕಲ್ಲ?"

ಮತ್ತೆ ಮಲಗಿಸಿದಳು. ಬೆಳಗಾಯಿತು, ಹೊಲ ಹಾಗೆಯೇ ಇತ್ತು. ಹೀರಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಇನ್ನೊಮ್ಮೆ ಮಲಗಿಸಿದಳು. ಮತ್ತೆ ಬೆಳಗಾಯಿತು. ತೆರೆಯ ಅಂಚಿನಿಂದ ಕರ್ರನೆಯದೊಂದು ಹಾರಿ ಬಂತು. ಗೋವಿನಜೋಳದ ಸಾಲಿನ ಮೇಲೆ ಒಂದು ಸುತ್ತು ಹೊಡೆಯಿತು. ಕಡೆಯ ಮೂಲೆಯ ಗಿಡದ ಮೇಲೆ ಕುಳಿತು, ಕುಕ್ಕತೊಡಗಿತು.

"ಅಯ್ಯಯ್ಯ, ತಿಂತು! ಬಲತ ತೆನಿ ತಿಂತು!" ಹೀರಾಬಾಯಿ ಸೆರಗು ಬೀಸಿದಳು, ಮೊಬೈಲಿನ ಮೇಲೆಯೇ ಚಪ್ಪಾಳೆ ತಟ್ಟಿದಳು. "ಹುಶ್! ಹುಶ್! ಏ ರಾಜೇಶ್ವರಿ, ಏನ ನೋಡ್ತಿ, ಹೊಡಿ ಬೇ ಅದನ್ನ!"

ಸಂಗನಬಸವ ಎರಡೂ ಕೈ ಜೋಡಿಸಿದ.

"ಬೀಗತ್ಯಾರ, ಚರಗದ ದಿನ ಹೊಲದಾಗಿನ ಹಕ್ಕಿ ಓಡಸಬಾರದ್ರಿ."

ಬೀಸಿದ ಸೆರಗು ಹೀರಾಬಾಯಿಯ ಕೈಯಲ್ಲಿಯೇ ಉಳಿಯಿತು. ಮೊದಲು ನಕ್ಕವನು ಹೇಮಂತ. ಅವನ ಹಿಂದೆ ಎಲ್ಲರೂ ನಕ್ಕರು. ಕಡೆಗೆ ಹೀರಾಬಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಗನಬಸವ ಖಾಲಿ ಬುಟ್ಟಿಯನ್ನು ತಂಗಿಯ ಕೈಗೆ ಕೊಟ್ಟ. "ಏಳು. ನಿನ್ನ ಹೊಲ, ನಿನ್ನ ದನಿ."

ತವರಿನ ಆ ಹೊಲದಲ್ಲಿ ಹುಟ್ಟಿದಾಗಿನಿಂದ ಚರಗದ ಕೂಗು ಕೇಳಿದ್ದ ರಾಜೇಶ್ವರಿ ಅಂದು ಮೊದಲ ಬಾರಿಗೆ ಎದ್ದು ನಿಂತು, ಎದೆ ತುಂಬ ಗಾಳಿ ತುಂಬಿಕೊಂಡು ಕೂಗಿದಳು: "ಹುಲ್ಲುಲ್ಲಿಗ್ಯೋ!" ಬದುವಿನಾಚೆ ಚರಗ ಚೆಲ್ಲುತ್ತಿದ್ದವರು ಯಾರ ಹೊಲದ ಕೂಗು ಎಂದು ಕೇಳಲಿಲ್ಲ, ತಾವೂ ಕೂಗಿ ಓಗೊಟ್ಟರು. ಅವರ ಆಚೆಯವರೂ ಓಗೊಟ್ಟರು. ಜೋಳದ ಮೇಲಿಂದ ಹಾದು ಆ ಕೂಗು ಬಹುದೂರ ಹೋಯಿತು.

ಸಂಜೆ ಗಾಡಿ ಬಬಲೇಶ್ವರ ದಾಟುವಾಗ ಹೀರಾಬಾಯಿ ಸೊಸೆಯ ಮೊಣಕೈ ತಿವಿದಳು.

"ಬೆದರುಗೊಂಬಿ ಮತ್ತ ನಿಲ್ಸಿದೇನ ಬೇ? ನಾಳಿ ಬಂದು ಉಳದದ್ದೂ ತಿಂದಾವು."

"ಹೊತ್ತ ಮುಳುಗಿದ ಕೂಡ್ಲೆ ನಿಲ್ಸೇನ್ರಿ."

"ಹಂಗಾರ ಚೊಲೋ ಆತು." ಅವಳು ಕಿಟಕಿಯ ಕಡೆ ಮುಖ ತಿರುಗಿಸಿಯೇ ಹೇಳಿದಳು. "ಆ ಕಾಗಿ ತಿಂದ ಮೂಲಿ ಖಾಲಿ ಬಿದ್ದೈತೆಲ್ಲ, ಅದನ್ನ ನನಗ ಬಿಡು. ಉಳ್ಳಾಗಡ್ಡಿ ಹಚ್ಚಿ ನೋಡ್ತೇನಿ."

"ಬಿಡ್ತೇನ್ರಿ ಅತ್ತ್ಯಾರ," ಎಂದಳು ಹೊಲದೊಡತಿ. "ಆದ್ರ ನೀರ ನೀವ ಹಾಕಬೇಕು."