ಅಣ್ಣನ ಕೈತಪ್ಪು

ಗಿಟಾರಿನ ಹಿಂಬದಿಯ ಮುಚ್ಚಳವನ್ನು ಅವಳು ಬಿಚ್ಚಿದ್ದು ಪ್ರೀತಿಯಿಂದ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅವಳ ಅಣ್ಣನ ಕಡೆಯವರು "ಅನುಮಾನಪಟ್ಟು ಬಿಚ್ಚಿದಳು" ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದರು. ಅನುಮಾನವಂತೆ, ಅನುಮಾನ! ಅಣ್ಣನ ಮೇಲೆ ಅನುಮಾನಪಡುವ ಬುದ್ಧಿ ಅವಳಿಗಿದ್ದಿದ್ದರೆ ಆ ಮುಚ್ಚಳ ಎಂದೋ ಬಿಚ್ಚಿಕೊಳ್ಳುತ್ತಿತ್ತು.

ಆದದ್ದಿಷ್ಟು. ಆ ದಿನ ಸಂಜೆ ದೊಡ್ಡ ಸಭಾಂಗಣದಲ್ಲಿ ಅವಳ ಕಾರ್ಯಕ್ರಮವಿತ್ತು. ಈ ಸಲ ಅಣ್ಣನನ್ನು ವೇದಿಕೆಯ ನಡುವಿಗೇ ಕರೆದು, ಎಲ್ಲರೆದುರಿಗೆ ಗಿಟಾರನ್ನು ತಿರುಗಿಸಿ ತೋರಿಸಿ, ಅವನನ್ನು ಬೆಚ್ಚಿಬೀಳಿಸಬೇಕೆಂದು ಅವಳು ಗುಟ್ಟಾಗಿ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಹಳೆಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕಾಗದವಿಟ್ಟು ಅಳತೆ ತೆಗೆದು, ಅದೇ ಅಳತೆಗೆ ಹಿತ್ತಾಳೆಯದೊಂದು ಮಾಡಿಸಿದ್ದಳು. ಅದರ ಮೇಲೆ ಅಕ್ಷರ ಕೆತ್ತಿಸಿದ್ದಳು: "ಅಣ್ಣನ ಕೈತಪ್ಪಿಗೆ, ತಂಗಿಯ ಪ್ರೀತಿಯಿಂದ." ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದಷ್ಟೇ ಬಾಕಿ.

ಅಣ್ಣನ ಕೈತಪ್ಪು ಏನೆಂಬುದು ಅವಳ ಅಭಿಮಾನಿಗಳಿಗೆಲ್ಲ ಬಾಯಿಪಾಠ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇವರಪ್ಪನದು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಅಂಗಡಿ. ಅಣ್ಣ ತಂಗಿ ಇಬ್ಬರೂ ಬೆಸುಗೆಯ ಹೊಗೆ ಕುಡಿದುಕೊಂಡೇ ಬೆಳೆದವರು. ಅಪ್ಪನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಎರಡು ವೈರು ಸೇರಿಸಿದರೆ ಸುಮ್ಮನೆ ಬೆಸುಗೆ ಮೆತ್ತುವ ಹಾಗಿಲ್ಲ. ಹೊಸೆಯಬೇಕು, ಬೆಸೆಯಬೇಕು, ಮೇಲೆ ದಾರ ಸುತ್ತಬೇಕು, ದಾರದ ಮೇಲೆ ಸಣ್ಣ ಕೊಳವೆ ಏರಿಸಬೇಕು. "ಒಳಗಡೆ ಯಾರು ನೋಡ್ತಾರೆ ಅಂತ ಗಲೀಜು ಮಾಡಬೇಡಿ. ನಾಳೆ ಇದನ್ನ ಬಿಚ್ಚೋನು ನೋಡ್ತಾನೆ," ಎಂದು ಅಪ್ಪ ಗೊಣಗುತ್ತಲೇ ಇರುತ್ತಿದ್ದರು.

ಅಣ್ಣ ತಂಗಿ ಇಬ್ಬರಿಗೂ ಗಿಟಾರಿನ ಹುಚ್ಚು. ಊರಿನ ದೊಡ್ಡ ವಾದ್ಯತಂಡದಲ್ಲಿ ಒಂದೇ ಒಂದು ಜಾಗ ಖಾಲಿಯಾದಾಗ ಇಬ್ಬರೂ ಪರೀಕ್ಷೆಗೆ ಹೆಸರು ಕೊಟ್ಟರು. ಹಿಂದಿನ ಸಂಜೆ ಅಣ್ಣ ಅವಳ ಗಿಟಾರನ್ನು ಎತ್ತಿಕೊಂಡು ಅಲ್ಲಾಡಿಸಿ, "ಪುಟ್ಟಿ, ಒಳಗೆ ಒಂದು ವೈರು ಸಡಿಲ ಆಗಿದೆ ಕಣೆ. ನಾಳೆ ಮಧ್ಯದಲ್ಲಿ ಕೈಕೊಟ್ರೆ? ಬೆಸುಗೆ ಹಾಕ್ಕೊಡ್ತೀನಿ ಇರು," ಎಂದ. ಅಣ್ಣನೆಂದರೆ ಹಾಗೇ, ತನ್ನ ಅಭ್ಯಾಸ ಬಿಟ್ಟು ತಂಗಿಯ ಗಿಟಾರು ನೋಡುತ್ತಾನೆ ಎಂದು ಅವಳಿಗೆ ಕಣ್ಣು ತುಂಬಿಬಂದಿತ್ತು.

ಮಾರನೆಯ ದಿನ ಅಣ್ಣ ಮೊದಲು ನುಡಿಸಿದ. ಒಂದು ಕಡೆಯೂ ಎಡವಲಿಲ್ಲ. ಆಮೇಲೆ ಇವಳ ಸರದಿ. ಅವಳ ಗಿಟಾರಿನಲ್ಲಿ ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಪಿಕಪ್ಪುಗಳು ಎರಡು. ಸ್ವಿಚ್ಚನ್ನು ನಡುವೆ ನಿಲ್ಲಿಸಿದರೆ ಎರಡೂ ಒಟ್ಟಿಗೆ ಮಾತಾಡಿ, ದನಿ ದುಂಡಗೆ, ತುಂಬಿಕೊಂಡು ಬರುತ್ತದೆ. ಅವಳು ಅಭ್ಯಾಸ ಮಾಡಿದ್ದೆಲ್ಲ ಆ ನಡುವಿನ ದನಿಯಲ್ಲೇ, ಅದು ಮನೆಯವರಿಗೆಲ್ಲ ಗೊತ್ತು. ಆದರೆ ಒಂದು ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿಬಿಟ್ಟರೆ ಕಥೆ ಮುಗಿಯಿತು. ಒಂದು ಹೂಂ ಅಂದರೆ ಇನ್ನೊಂದು ಊಹೂಂ ಅನ್ನುತ್ತದೆ. ಎರಡೂ ಜಗಳವಾಡಿ ದನಿಯ ಮೈಯೆಲ್ಲ ಕರಗಿಹೋಗಿ, ಬರಿಯ ಮೂಗು ಉಳಿಯುತ್ತದೆ. ಮೊದಲ ಸ್ವರ ಮೀಟಿದ ಕೂಡಲೇ, ನೆಗಡಿಯಾದವಳು ಅತ್ತುಕೊಂಡು ಹಾಡಿದ ಹಾಗೆ ಕೇಳಿಸಿತು.

ಗಾಬರಿಯಲ್ಲಿ ಅವಳಿಗೆ ಸ್ವಿಚ್ಚು ಬದಲಿಸಬೇಕೆಂದೂ ತೋಚಲಿಲ್ಲ. ಹಾಳಾಗಿ ಹೋಗಲಿ ಎಂದು ಆ ಮೂಗುದನಿಯನ್ನೇ ಹಿಡಿದುಕೊಂಡಳು. ವೇಗವಾಗಿ ನುಡಿಸಬೇಕಾದದ್ದನ್ನು ನಿಧಾನ ಮಾಡಿದಳು, ತಂತಿಯನ್ನು ಜಗ್ಗಿ ಜಗ್ಗಿ ಅಳಿಸಿದಳು. ಮುಗಿದಾಗ ತಂಡದ ಯಜಮಾನ ಕುರ್ಚಿಯಿಂದ ಎದ್ದು ಬಂದು, "ಎಲ್ಲಿ ಸಿಕ್ತಮ್ಮಾ ಈ ದನಿ?" ಎಂದು ಕೇಳಿದ. ಜಾಗ ಅವಳಿಗೆ ಸಿಕ್ಕಿತು. ಮನೆಗೆ ಬಂದು ಅಣ್ಣ ಗಿಟಾರು ಬಿಚ್ಚಿ ಒಳಗಿಣುಕಿ ತಲೆತಲೆ ಚಚ್ಚಿಕೊಂಡ. "ಅಯ್ಯೋ, ಅವಸರದಲ್ಲಿ ವೈರು ಉಲ್ಟಾ ಹಾಕಿಬಿಟ್ಟಿದೀನಿ! ಎಂಥ ಎಡವಟ್ಟು!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಎಡವಟ್ಟೇ ಅವಳ ಬಾಳಾಯಿತು. ಜನ ಅವಳನ್ನು ಮೂಗಿನಮ್ಮ ಎಂದು ಮುದ್ದಿನಿಂದ ಕರೆದರು. ಬೇರೆ ಗಿಟಾರಿನವರು ವೈರು ಉಲ್ಟಾ ಹಾಕಿಕೊಂಡು ಆ ದನಿ ತರಲು ಹೋಗಿ ಸೋತರು. ಅವಳೋ, "ಅಣ್ಣ ಇಲ್ಲದೆ ನಾನು ಎಲ್ಲಿಗೂ ಬರಲ್ಲ," ಎಂದು ಹಟ ಹಿಡಿದು ಅವನನ್ನು ತಂಡದ ರಿಪೇರಿಯವನನ್ನಾಗಿ ಸೇರಿಸಿದಳು. ಹೋದ ಊರಲ್ಲೆಲ್ಲ ಅದೇ ಕಥೆ ಹೇಳಿ, ಪಕ್ಕದಲ್ಲಿ ನಿಂತ ಅಣ್ಣನನ್ನು ತೋರಿಸಿ, "ಇವನ ತಪ್ಪೇ ನನ್ನ ಭಾಗ್ಯ," ಎನ್ನುವಳು. ಅವನು ತಲೆ ತಗ್ಗಿಸಿ ನಗುವನು. ಒಂದು ಮಾತು ಮಾತ್ರ ಅವನು ಎಂದೂ ಬಿಟ್ಟುಕೊಡಲಿಲ್ಲ: "ಇದರ ಮುಚ್ಚಳಕ್ಕೆ ನನ್ನ ಬಿಟ್ಟು ಯಾರೂ ಕೈ ಹಾಕಕೂಡದು. ನೀನೂ ಅಷ್ಟೇ ಪುಟ್ಟಿ. ಒಂದು ಕೂದಲೆಳೆ ಅಲ್ಲಾಡಿದ್ರೂ ದನಿ ಹಾರಿಹೋಗುತ್ತೆ." ಅವಳು ದೇವರ ಮಾತಿನ ಹಾಗೆ ನಂಬಿದ್ದಳು.

ಈಗ ಅಡುಗೆಮನೆಯ ಮೇಜಿನ ಮೇಲೆ ಟವಲು ಹಾಸಿ, ಗಿಟಾರನ್ನು ಬೋರಲು ಮಲಗಿಸಿ, ಉಸಿರು ಬಿಗಿಹಿಡಿದು ಸ್ಕ್ರೂಗಳನ್ನು ತೆಗೆದಳು. ಮುಚ್ಚಳ ಎತ್ತಿದಳು. ಎದುರಿಗೆ ಮಗಳು ತಿಂಡಿಯ ತಟ್ಟೆ ಇಟ್ಟುಕೊಂಡು ಫೋನು ನೋಡುತ್ತಿದ್ದಳು.

ಒಳಗಿನ ಗೂಡಿನಲ್ಲಿ ಎಲ್ಲ ಚೊಕ್ಕಟವಾಗಿತ್ತು. ಅದೇ ಮೊದಲು ಅವಳನ್ನು ಚುಚ್ಚಿದ್ದು. ಅವಸರದಲ್ಲಿ ಮಾಡಿದ ಕೆಲಸವೆಂದು ಎಷ್ಟು ಸಲ ಹೇಳಿದ್ದಳು ಅವಳು! ಗಡಿಬಿಡಿಯ ಬೆಸುಗೆ, ಗುಳ್ಳೆ ಗುಳ್ಳೆ, ಸುಟ್ಟ ಕಲೆ ಕಾಣುತ್ತದೆಂದುಕೊಂಡಿದ್ದಳು. ಒಂದೂ ಇರಲಿಲ್ಲ. ಬಗ್ಗಿ ನೋಡಿದಳು. ಪಿಕಪ್ಪಿನಿಂದ ಬರುವ ಕೆಂಪು ವೈರು ಗಿಡ್ಡವಾಗಿತ್ತು. ಅದು ಸೇರಬೇಕಾದ ಜಾಗ ಅದರ ಮೂಗಿನ ಮುಂದೆಯೇ ಇತ್ತು, ಅಲ್ಲಿ ಕಪ್ಪು ವೈರು ಬಂದು ಕೂತಿತ್ತು. ಕಪ್ಪಿನ ಜಾಗವಾದರೋ ಆ ಗೂಡಿನ ಇನ್ನೊಂದು ತುದಿಯಲ್ಲಿ. ಗಿಡ್ಡ ಕೆಂಪು ವೈರು ಅಲ್ಲಿಗೆ ಎಟುಕುವುದೇ ಇಲ್ಲ. ಎಟುಕಲೆಂದು ಅದಕ್ಕೊಂದು ತುಂಡು ಸೇರಿಸಲಾಗಿತ್ತು. ಹೊಸೆದು, ಬೆಸೆದು, ದಾರ ಸುತ್ತಿ, ದಾರದ ಮೇಲೆ ಕೊಳವೆ ಏರಿಸಿ, ಥೇಟ್ ಅಪ್ಪ ಕಲಿಸಿದ ಹಾಗೆ.

ಅವಳು ಅದನ್ನೇ ನೋಡುತ್ತಾ ಕೂತಳು. ಅಲ್ಲ, ಅವಸರದಲ್ಲಿದ್ದವನು ಕೈಗೆ ಸಿಕ್ಕಿದ ವೈರನ್ನು ಹತ್ತಿರದ ಜಾಗಕ್ಕೆ ಅಂಟಿಸುತ್ತಾನೆ. ಎಟುಕದ ವೈರಿಗೆ ಬೇರೆ ತುಂಡು ಹುಡುಕಿ, ಕತ್ತರಿಸಿ, ದಾರ ಸುತ್ತಿ, ಗೂಡಿನ ಆಚೆ ತುದಿಗೆ ಎಳೆದುಕೊಂಡು ಹೋಗಿ ತಪ್ಪು ಜಾಗಕ್ಕೇ ಮುಟ್ಟಿಸುವುದು ಯಾವ ಸೀಮೆಯ ಕೈತಪ್ಪು? ಸಡಿಲವಾದ ವೈರಾದರೂ ನಿಜವಾಗಿ ಇತ್ತೇ? ಆ ಸಂಜೆ ಗಿಟಾರು ಅವನ ಕೈಗೆ ಹೋಗುವವರೆಗೆ ಒಂದು ಚೂರೂ ಕರಕರ ಎಂದಿರಲಿಲ್ಲ. ಈಗ ನೆನಪಾಯಿತು, ಈಗ!

"ಅಮ್ಮಾ, ಏನಾಯ್ತು? ಶಾಕ್ ಹೊಡೀತಾ?" ಮಗಳು ಫೋನು ಕೆಳಗಿಟ್ಟಳು.

"ಇಲ್ಲ."

"ಮುಖ ನೋಡ್ಕೋ ಕನ್ನಡೀಲಿ. ಮಾವನಿಗೆ ಫೋನ್ ಮಾಡ್ಲಾ? ಓಡಿ ಬರ್ತಾರೆ."

"ಬೇಡ," ಎಂದಳು ಅವಳು. ಅಷ್ಟು ಗಟ್ಟಿಯಾಗಿ ಹೇಳಬೇಕೆಂದಿರಲಿಲ್ಲ. ಮಗಳು ಬೆಚ್ಚಿ, ತಟ್ಟೆ ತೆಗೆದುಕೊಂಡು ಎದ್ದುಹೋದಳು. ಮಗಳು ಹೋದ ಮೇಲೆ ಇವಳು ನಲ್ಲಿ ಜೋರಾಗಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರಲ್ಲ, ಅದು ಹೀಗೆ ನೋಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ವೈರು ಬದಲಿಸಿದ್ದಕ್ಕಿಂತ ಹೆಚ್ಚಾಗಿ ಉರಿದದ್ದು ಆ ನಗು. ಪ್ರತಿಯೊಂದು ವೇದಿಕೆಯಲ್ಲೂ ಅವಳು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾಗ ಪಕ್ಕದಲ್ಲಿ ನಿಂತು ನಕ್ಕನಲ್ಲ, ಆ ತಗ್ಗಿಸಿದ ತಲೆಯ ನಗು. ಅವಳು ಅದನ್ನು ಸಂಕೋಚ ಅಂದುಕೊಂಡಿದ್ದಳು.

ಆದರೂ ಮಧ್ಯಾಹ್ನದ ಹೊತ್ತಿಗೆ ಮನಸ್ಸು ಮೆತ್ತಗಾಯಿತು. ಒಡಹುಟ್ಟಿದವನು. ಎಳೆಯ ವಯಸ್ಸಿನ ಹೊಟ್ಟೆಕಿಚ್ಚು, ಇರುವುದೊಂದೇ ಜಾಗ. ಹೇಳಲು ಬಾಯಿ ಬಂದಿರಲಿಕ್ಕಿಲ್ಲ. ಒಂದು ಅವಕಾಶ ಕೊಡೋಣ, ಅವನೇ ಹೇಳಲಿ, ಹೇಳಿದರೆ ಅಲ್ಲೇ ತಬ್ಬಿಕೊಂಡುಬಿಡುತ್ತೇನೆ ಎಂದು ತೀರ್ಮಾನಿಸಿದಳು. ಹಿತ್ತಾಳೆಯ ಮುಚ್ಚಳವನ್ನು ಕೈಚೀಲಕ್ಕೆ ಹಾಕಿಕೊಂಡಳು. ಗಿಟಾರಿಗೆ ಹಳೆಯದನ್ನೂ ಹಾಕಲಿಲ್ಲ, ಹೊಸದನ್ನೂ ಹಾಕಲಿಲ್ಲ.

ಸಂಜೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಅರ್ಧ ಕಾರ್ಯಕ್ರಮವಾದ ಮೇಲೆ, ಎಂದಿನಂತೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಅಣ್ಣನ ಕಥೆ! ಅಣ್ಣನ ಕಥೆ!" ಪಕ್ಕದ ಪರದೆಯ ಹಿಂದೆ ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡು ನಿಂತಿದ್ದ ಅಣ್ಣನನ್ನು ಅವಳು ಕೈಬೀಸಿ ಕರೆದಳು. "ಎಷ್ಟು ಸಲ ನಾನೇ ಹೇಳಲಿ? ಇವತ್ತು ಅವನ ಬಾಯಲ್ಲೇ ಕೇಳಿ," ಎಂದು ಮೈಕನ್ನು ಅವನ ಕೈಗಿತ್ತಳು. ಆಮೇಲೆ ಅವನ ಕಣ್ಣನ್ನೇ ನೋಡಿ, "ಅಣ್ಣ, ಆ ಸಂಜೆ ನಿಜವಾಗ್ಲೂ ಏನಾಯ್ತು? ಇದ್ದದ್ದು ಇದ್ದ ಹಾಗೆ ಹೇಳು. ನಾನು ಏನೂ ಅಂದ್ಕೊಳ್ಳಲ್ಲ," ಎಂದಳು.

ಜನ ಘೊಳ್ಳೆಂದು ನಕ್ಕರು. ಅಣ್ಣ ಒಂದು ಗಳಿಗೆ ಅವಳ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ. ಹೇಳುತ್ತಾನೆ, ಹೇಳಿಯೇಬಿಡುತ್ತಾನೆ ಎಂದು ಅವಳು ಬೆರಳುಗಳನ್ನು ತಂತಿಯ ಮೇಲೆ ಬಿಗಿಯಾಗಿ ಒತ್ತಿ ಹಿಡಿದಳು.

"ಏನಂತ ಹೇಳಲಿ ಸ್ವಾಮಿ," ಎಂದು ಶುರುಮಾಡಿದ ಅವನು, ಆ ತಗ್ಗಿಸಿದ ತಲೆಯ ನಗು ನಕ್ಕು. "ಅಂಗಡೀಲಿ ಲೈಟು ಮಂಕಾಗಿತ್ತು. ನನ್ನ ತಂಗಿ ಗೆಲ್ಲಬೇಕು ಅನ್ನೋ ಆತುರ, ಕೈ ಬೇರೆ ನಡುಗ್ತಿತ್ತು. ಕೆಂಪು ಯಾವ್ದು, ಕಪ್ಪು ಯಾವ್ದು ಅಂತ್ಲೂ ಕಾಣಿಸ್ಲಿಲ್ಲ. ಸಿಕ್ಕಿದ್ದನ್ನ ಸಿಕ್ಕಿದ ಕಡೆ ಅಂಟಿಸಿಬಿಟ್ಟೆ!"

ಚಪ್ಪಾಳೆ ಸುರಿಯಿತು. ಮಂಕು ದೀಪವಂತೆ, ನಡುಗುವ ಕೈಯಂತೆ. ಇದು ಹೊಸ ಸೇರ್ಪಡೆ, ಅವಳು ಎಂದೂ ಕೇಳಿರಲಿಲ್ಲ. ಅವಳು ಮೈಕು ವಾಪಸು ತೆಗೆದುಕೊಂಡು, "ಕೇಳಿದ್ರಲ್ಲ," ಎಂದಷ್ಟೇ ಹೇಳಿದಳು.

ಆಮೇಲೆ ಅವಳು ಸ್ವಿಚ್ಚನ್ನು ನಡುವಿನಿಂದ ಮೇಲಕ್ಕೆ ತಳ್ಳಿದಳು. ಈಗ ಒಂದೇ ಪಿಕಪ್ಪು, ಯಾವ ಗಿಟಾರಿನಲ್ಲಾದರೂ ಬರುವ ಸಾದಾ ದನಿ. ಮಿಕ್ಕದ್ದನ್ನೆಲ್ಲ ಅದರಲ್ಲೇ ನುಡಿಸಿದಳು. ಜನ ಮೊದಲು ಕಾದರು, ಆಮೇಲೆ ಗುಸುಗುಸು ಎಂದರು. "ಮೂಗು! ಮೂಗು!" ಎಂದು ಒಬ್ಬಿಬ್ಬರು ಕೂಗಿದರು. ಅವಳು ತಲೆಯೆತ್ತಲಿಲ್ಲ. ಕೊನೆಯಲ್ಲಿ ಬಂದ ಚಪ್ಪಾಳೆ ಮರ್ಯಾದೆಗೆ ತಟ್ಟಿದ್ದು, ಅದು ಅವಳಿಗೂ ಗೊತ್ತಾಯಿತು.

ಒಳಕೋಣೆಗೆ ಬಂದು ಅವಳು ಕೂತದ್ದೇ ತಡ, ಅಣ್ಣ ಓಡಿಬಂದ. "ಸ್ವಿಚ್ಚಿಗೇನಾಯ್ತು ಪುಟ್ಟಿ? ನಡುವಿಗೆ ಹಾಕಲೇ ಇಲ್ಲ. ಕೊಡಿಲ್ಲಿ, ಬಿಚ್ಚಿ ನೋಡ್ತೀನಿ."

ಅವಳು ಗಿಟಾರು ಕೊಟ್ಟಳು. ಅವನು ಜೇಬಿನಿಂದ ಸ್ಕ್ರೂಡ್ರೈವರು ತೆಗೆದುಕೊಂಡೇ ಅದನ್ನು ತಿರುಗಿಸಿದ. ಬಿಚ್ಚಲು ಅಲ್ಲಿ ಏನೂ ಇರಲಿಲ್ಲ. ಗೂಡು ಬಾಯಿ ತೆರೆದುಕೊಂಡಿತ್ತು, ಕೊಳವೆ ತೊಟ್ಟ ಕೆಂಪು ವೈರು ಎದುರಿಗೇ ಕಾಣುತ್ತಿತ್ತು.

"ಯಾವಾಗ ನೋಡ್ದೆ?" ಅವನು ಮೊದಲು ಕೇಳಿದ್ದು ಅದನ್ನೇ.

"ಬೆಳಿಗ್ಗೆ."

"ಹಾಗಾದ್ರೆ ಅಲ್ಲಿ, ಮೈಕು ಕೊಟ್ಟಾಗ..."

"ಗೊತ್ತಿತ್ತು."

ಅವನು ಗಿಟಾರು ಹಿಡಿದುಕೊಂಡೇ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಕುಸಿದು ಕೂತ. "ಒಂದೇ ಜಾಗ ಇತ್ತು ಕಣೆ. ನಾನು ನಿನಗಿಂತ ಚೆನ್ನಾಗಿ ನುಡಿಸ್ತಿದ್ದೆ, ಆದ್ರೆ ನೀನು ನುಡಿಸಿದ್ರೆ ಜನ ಬಾಯ್ಬಿಟ್ಕೊಂಡು ಕೇಳೋರು. ಹೊಟ್ಟೆ ಉರೀತು. ಒಂದು ದಿನದ ಮಟ್ಟಿಗೆ, ಆಮೇಲೆ ಸರಿ ಮಾಡಿಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಅದೇ ನಿನ್ನ ದನಿ ಆಗೋಯ್ತು." ತಲೆಯೆತ್ತದೆಯೇ ಅಂದ, "ಕೊನೇಗೆ ಒಳ್ಳೇದೇ ಆಯ್ತಲ್ಲ ನಿನಗೆ?"

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. "ಒಳ್ಳೇದು ಮಾಡ್ಕೊಂಡಿದ್ದು ನಾನು! ನೀನು ಮಾಡಿದ್ದು ಕೆಟ್ಟದ್ದೇ. ಅದನ್ನೂ ನುಂಗ್ಕೋತಿದ್ದೆ ಅಣ್ಣ. ಅಷ್ಟು ಜನದ ಮುಂದೆ ಕೇಳ್ದೆ, ಏನೂ ಅಂದ್ಕೊಳ್ಳಲ್ಲ ಅಂತ್ಲೂ ಅಂದೆ. ನಿನ್ನ ಬಾಯಿಗೆ ಬಂದಿದ್ದು ಮಂಕು ದೀಪ."

ಅವನು ಮಡಿಲಿನ ಗಿಟಾರಿನ ತೆರೆದ ಗೂಡನ್ನು ಅಂಗೈಯಿಂದ ಮುಚ್ಚಿದ.

"ಬೆಸುಗೆ ಚೆನ್ನಾಗಿದೆ," ಎಂದಳು ಅವಳು. "ಸ್ವಲ್ಪ ಗಲೀಜಾಗಿ ಮಾಡಿದ್ರೆ ನಾನು ಸಾಯೋ ತನಕ ನಂಬ್ಕೊಂಡೇ ಇರ್ತಿದ್ದೆ. ನಾಳೆ ಬಿಚ್ಚೋನು ನೋಡ್ತಾನೆ ಅಂತ ಅಪ್ಪ ಹೇಳ್ತಿದ್ರಲ್ಲ, ಆ ಬಿಚ್ಚೋಳು ನಾನೇ ಆದೆ."

"ಇರು, ಈಗ್ಲೇ ಸರಿ ಮಾಡ್ತೀನಿ."

"ಮುಟ್ಟಬೇಡ." ಅವಳು ಗಿಟಾರನ್ನು ಕಿತ್ತುಕೊಂಡು ಎದೆಗವಚಿಕೊಂಡಳು. "ಈ ದನಿ ನನ್ನದು. ನಾಳೆಯಿಂದ ಇದರ ರಿಪೇರಿನೂ ನಾನೇ ನೋಡ್ಕೋತೀನಿ."

ಕೈಚೀಲದಿಂದ ಹಿತ್ತಾಳೆಯ ಮುಚ್ಚಳ ತೆಗೆದು ಅವನ ಮಡಿಲಿಗೆ ಹಾಕಿದಳು. "ನಿನಗೆ ಅಂತ ಮಾಡಿಸಿದ್ದು. ಇಟ್ಕೋ."

ಅವನು ಅದನ್ನು ದೀಪದ ಕಡೆಗೆ ಹಿಡಿದ, ದೂರ ಹಿಡಿದ, ಕಣ್ಣು ಕಿರಿದು ಮಾಡಿದ. ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ. "ಕನ್ನಡಕ ತಂದಿಲ್ಲ," ಎಂದ ಸಣ್ಣ ದನಿಯಲ್ಲಿ. "ಏನಂತ ಬರ್ದಿದೆ ಪುಟ್ಟಿ?"

"ಅಣ್ಣನ ಕೈತಪ್ಪಿಗೆ," ಎಂದು ಅವಳು ಓದಿದಳು. ಮುಂದಿನದು ಬಾಯಿಂದ ಬರಲಿಲ್ಲ.