ಹಿಮ ಅರೆದ ಹಿಟ್ಟು

ನನ್ನ ಅಲಗು ಈಗ ಅಂಗೈಯಗಲ ಉಳಿದಿದೆ. ಹಿಡಿಯುವ ಮರದ ಕಾವು ಮುರಿದು ಎಷ್ಟೋ ವರ್ಷವಾಯಿತು. ನೋಡಿದವರು ತುಕ್ಕು ಹಿಡಿದ ತಗಡು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಾನು ಒಂದು ಸಲಿಕೆ. ಇಷ್ಟು ಸವೆಯಲು ಇಪ್ಪತ್ತಾರು ವರ್ಷ ಹಿಡಿಯಿತು. ಆ ಸವೆದ ಕಬ್ಬಿಣವೆಲ್ಲ ಎಲ್ಲಿ ಹೋಯಿತು ಅನ್ನುವುದನ್ನು ಹೇಳಿ ಸುಮ್ಮನಾಗುತ್ತೇನೆ. ಅವಸರ ಮಾಡುವ ಶಕ್ತಿ ಇಲ್ಲ, ನಿಧಾನಕ್ಕೆ ಕೇಳಬೇಕು.

ಹುಟ್ಟಿದ್ದು ಗದಗ ಸೀಮೆಯ ಒಂದು ಹಳ್ಳಿಯ ಕುಲುಮೆಯಲ್ಲಿ. ಟ್ರ್ಯಾಕ್ಟರಿನ ನೇಗಿಲಿನ ಹಳೆಯ ಡಿಸ್ಕೊಂದನ್ನು ಕಮ್ಮಾರ ಮೌನೇಶಪ್ಪ ಕೆಂಪಗೆ ಕಾಯಿಸಿ, ಬಡಿದು, ನೀರಿಗದ್ದಿ ನನ್ನನ್ನು ಮಾಡಿದ. ಅಂದರೆ ಹಿಂದಿನ ಜನ್ಮದಲ್ಲೂ ನನ್ನದು ಮಣ್ಣಿನ ಕೆಲಸವೇ. ಜಾಲಿಯ ಕಾವು ಹಾಕಿದರು. ಕುಲುಮೆಯಲ್ಲಿ ಕಿವಿಗೆ ಬಿದ್ದ ಮಾತೇ ನನ್ನ ಮಾತು. ಮುಂದೆ ದೂರದ ಜನ ತಮ್ಮ ಭಾಷೆಯಲ್ಲಿ ಆಡಿದ್ದನ್ನೂ ಈ ಮಾತಿನಲ್ಲೇ ಹೇಳುತ್ತೇನೆ, ನನಗೆ ಬರುವುದು ಇದೊಂದೇ.

ನನ್ನನ್ನು ಕೊಂಡವನು ಗೋಡೆ ಕಟ್ಟುವ ಗೌಂಡಿ ಯಮನೂರಪ್ಪ. ಆ ಬೇಸಿಗೆ ಊರ ಕೆರೆ ಒಣಗಿತ್ತು. ಜನ ತಳದ ಹೂಳನ್ನು ಅಗೆದು ಬಂಡಿಗಟ್ಟಲೆ ಹೊಲಕ್ಕೆ ಹೇರಿದರು. ನಾನು ಮೊದಲು ಎತ್ತಿದ್ದು ಆ ಕಪ್ಪು ಹೂಳನ್ನೇ. ಇದನ್ನು ನೆನಪಿನಲ್ಲಿಡಬೇಕು. ಯಮನೂರಪ್ಪ ಮಾತ್ರ ನೆನಪಿಡಲಿಲ್ಲ.

ಮರುವರ್ಷ ಒಬ್ಬ ಗುತ್ತಿಗೆದಾರ ಅವನನ್ನು ಲಡಾಖಿಗೆ ಕರೆದ. ಅಲ್ಲಿ ನೀರಿನ ತೊಟ್ಟಿ ಕಟ್ಟಬೇಕಿತ್ತು. ನನ್ನನ್ನು ಗೋಣಿಯಲ್ಲಿ ಸುತ್ತಿ ರೈಲು ಹತ್ತಿದಾಗ ಜೊತೆಯವರು ನಕ್ಕರು, ಅಲ್ಲಿ ಸಲಿಕೆ ಸಿಗುವುದಿಲ್ಲವೇ ಎಂದು. “ಸಿಗ್ತಾವ. ಕೈಗೆ ಹೊಂದಬೇಕಲ್ಲ” ಅಂದ ಅವನು.

ಅಲ್ಲಿನ ಬೆಟ್ಟಕ್ಕೆ ಹಸಿರೆಂಬುದಿಲ್ಲ. ಮೇಲೆ ಒಂದು ದೊಡ್ಡ ಹಿಮದ ರಾಶಿ. ಬೇಸಿಗೆಯಲ್ಲಿ ಅದು ಕರಗಿದರೆ ಊರಿಗೆ ನೀರು, ಇಲ್ಲವಾದರೆ ಇಲ್ಲ. ನೀರು ಉದ್ದನೆಯ ಕಾಲುವೆಯಲ್ಲಿ ಬಂದು ಹೊಲದಿಂದ ಹೊಲಕ್ಕೆ ಸರದಿಯ ಮೇಲೆ ಹರಿಯುತ್ತದೆ. ಬಣ್ಣ ಮಾತ್ರ ನೀರಿನದಲ್ಲ. ಅಕ್ಕಿ ತೊಳೆದು ಚೆಲ್ಲಿದ ಹಾಗೆ ಬೆಳ್ಳಗೆ. ಹಿಮ ಜಾರುವಾಗ ತನ್ನಡಿಯ ಕಲ್ಲನ್ನು ಬೀಸುತ್ತದೆ. ಆ ಹಿಟ್ಟು ನೀರಿನ ಜೊತೆ ಇಳಿದು ಬರುತ್ತದೆ. ನನ್ನ ಅಂಚಿಗೆ ಅದು ಸಾಣೆಕಲ್ಲಿನ ಹಾಗೆ ತಾಗುತ್ತಿತ್ತು.

ಪ್ರತಿ ವಸಂತದಲ್ಲಿ ಊರಿನವರೆಲ್ಲ ಹತ್ತು ದಿನ ಬಗ್ಗಿ ಕಾಲುವೆಯ ಹೂಳು ತೆಗೆಯಬೇಕಿತ್ತು. ಆ ಕಷ್ಟ ತಪ್ಪಲೆಂದೇ ತೊಟ್ಟಿ. ಹಿಟ್ಟು ಮೇಲೆಯೇ ತಳಕ್ಕೆ ಕೂತರೆ ಕೆಳಕ್ಕೆ ತಿಳಿನೀರು ಹೋಗುತ್ತದೆ ಎಂಬ ಲೆಕ್ಕ. ಯಮನೂರಪ್ಪ ಮನಸ್ಸಿಟ್ಟು ಕಟ್ಟಿದ. ಒಂದು ಹನಿ ಸೋರಲಿಲ್ಲ. ತಿಳಿನೀರು ಕಾಲುವೆಗೆ ಇಳಿದ ದಿನ ಜನ ಅವನ ಕೊರಳಿಗೆ ಮರ್ಯಾದೆಯ ಬಿಳಿ ವಸ್ತ್ರ ಹಾಕಿದರು.

ನೀರಿನ ಸರದಿ ನೋಡಿಕೊಳ್ಳುವ ಹಿರಿಯ ಫುಂಚೋಗ್ ಒಬ್ಬನೇ ಏನೂ ಅನ್ನಲಿಲ್ಲ. ಊರೆಲ್ಲ ಅವನನ್ನು ಮೇಮೆ, ಅಂದರೆ ತಾತ, ಅನ್ನುತ್ತಿತ್ತು. ಆತ ಬೆರಳನ್ನು ನೀರಿಗದ್ದಿ ಹೆಬ್ಬೆರಳಿಗೆ ಉಜ್ಜಿದ. ಮತ್ತೆ ಉಜ್ಜಿದ. ಕೈ ಒರೆಸಿಕೊಂಡು ಹೋದ.

ತೊಟ್ಟಿ ನೋಡಿಕೊಳ್ಳುವ ಕೆಲಸವೂ ಯಮನೂರಪ್ಪನಿಗೇ ಬಂತು. ಬೇಸಿಗೆಗೆ ಬರುವುದು, ಚಳಿಗೆ ಊರಿಗೆ ಹೋಗುವುದು. ಚಳಿಗಾಲದಲ್ಲಿ ನನ್ನನ್ನು ಅಬಿ ಡೋಲ್ಕರಳ ಕೊಟ್ಟಿಗೆಯಲ್ಲಿ ಬಿಡುತ್ತಿದ್ದ. ಅಬಿ ಅಂದರೆ ಅಜ್ಜಿ. ಒಂಟಿ ಹೆಂಗಸು. ಒಂದು ಕತ್ತೆ, ಒಂದೇ ಹೊಲ. ಆ ಹೊಲ ಕಾಲುವೆಯ ತೀರ ಬಾಲದಲ್ಲಿತ್ತು, ಬರೀ ಮರಳು ನೆಲ. ಮೇಲಿನ ಹೊಲದವರು ಯಾಕ್ ದನಗಳ ಗೊಬ್ಬರ ಹೊತ್ತು ಹಾಕುತ್ತಿದ್ದರು. ಅವಳ ಮಂಡಿ ಅಷ್ಟು ದೂರ ಗೊಬ್ಬರ ಹೊರಲು ಒಪ್ಪುತ್ತಿರಲಿಲ್ಲ. ಅವಳ ಹೊಲಕ್ಕೆ ನೀರು ತಂದದ್ದೇ ಊಟ.

ಮೂರು ಬೇಸಿಗೆ ನನ್ನ ಕೆಲಸ ಒಂದೇ. ತೊಟ್ಟಿಯ ತಳದ ಹೂಳನ್ನು ಎತ್ತಿ ಹಿಂದಕ್ಕೆ ಎಸೆಯುವುದು. ಎತ್ತು, ಎಸೆ. ಯಮನೂರಪ್ಪನ ಬೆನ್ನೂ ಸೋತಿತು, ನನ್ನ ಅಂಚೂ ಸೋತಿತು. ಹಿಂದೆ ಗುಡ್ಡೆ ಬೆಳೆಯಿತು. ಅತ್ತ ಡೋಲ್ಕರಳ ಬಾರ್ಲಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಯಿತು. ಮೊದಲ ವರ್ಷ ತೊಡೆಯವರೆಗೆ, ಮರುವರ್ಷ ಮಂಡಿಗೆ. ಮೂರನೆಯ ವರ್ಷ ಕುಡುಗೋಲು ಹಾಕಲು ಕುಳಿತುಕೊಳ್ಳಬೇಕಾಯಿತು.

ಹಿಮವೂ ವರ್ಷವರ್ಷ ಮೇಲಕ್ಕೆ ಸರಿಯುತ್ತಿತ್ತು, ನೀರು ಕಡಿಮೆ. ಆ ಊರಲ್ಲೊಂದು ಕಟ್ಟಳೆ. ಕೊಯ್ಲಿಗೆ ಮುಂಚೆ ನೀರಿನ ಹಿರಿಯ ಹೊಲದ ನಡುವೆ ನಿಲ್ಲುತ್ತಾನೆ. ತೆನೆ ಅವನ ನಡುಪಟ್ಟಿಗೆ ತಾಗಿದರೆ ಆ ಹೊಲಕ್ಕೆ ಮುಂದಿನ ವರ್ಷ ನೀರಿನ ಸರದಿ ಉಂಟು. ತಾಗದಿದ್ದರೆ ಆ ನೀರು ಬೇರೆಯವರಿಗೆ. ಎರಡು ವರ್ಷ ಕಣ್ಣುಮುಚ್ಚಿ ಬಿಟ್ಟಿದ್ದರು. ಮೂರನೆಯ ಕೊಯ್ಲಿಗೆ ಊರು ತೀರ್ಮಾನಿಸಿತು: ಡೋಲ್ಕರಳಿಗೆ ಇನ್ನೊಂದೇ ಬೇಸಿಗೆ. ಅಲ್ಲಿ ನೀರಿಲ್ಲದ ಹೊಲ ಹೊಲವಲ್ಲ, ಬರೀ ಬೆಟ್ಟ.

ನಾಲ್ಕನೆಯ ಬೇಸಿಗೆ ಶುರುವಿನಲ್ಲಿ ಒಂದು ಬೆಳಿಗ್ಗೆ ಡೋಲ್ಕರ್ ಕತ್ತೆ ಹುಡುಕುತ್ತ ತೊಟ್ಟಿಯ ಹಿಂದಕ್ಕೆ ಬಂದಳು. ಕತ್ತೆ ಗುಡ್ಡೆಯ ಮೇಲೆ ನಿಂತು ಮೇಯುತ್ತಿತ್ತು. ತೊಟ್ಟಿಯಿಂದ ಚೆಲ್ಲಿದ ನೀರು ಕುಡಿದ ಆ ಹೂಳಿನಲ್ಲಿ ಕುದುರೆಮೆಂತೆ ಎಂಬ ಮೇವಿನ ಸೊಪ್ಪು ಮೊಳಕಾಲುದ್ದ ಎದ್ದಿತ್ತು. ಬಿತ್ತಿದವರಿಲ್ಲ. ಸುತ್ತ ಎಲ್ಲೂ ಅಷ್ಟು ಹಸಿರಿಲ್ಲ. ಅವಳು ಕತ್ತೆಯನ್ನು ಎಳೆಯುವುದು ಬಿಟ್ಟು ಅಲ್ಲೇ ಕುಳಿತಳು. ಹೂಳನ್ನು ಹಿಡಿಯಲ್ಲಿ ಹಿಡಿದು ಪುಡಿ ಮಾಡಿದಳು.

“ನೊನೊ,” ಎಂದು ಕರೆದಳು ಯಮನೂರಪ್ಪನನ್ನು. ತಮ್ಮಾ ಅಂದ ಹಾಗೆ. “ನನಗಿಂತ ಮೊದಲ ನನ್ನ ಕತ್ತೆಗೆ ತಿಳಿದೈತಿ ನೋಡು. ನನ್ನ ಹೊಲದ ಊಟ ಇಲ್ಲಿ ಗುಡ್ಡಿಯಾಗಿ ಬಿದ್ದೈತಿ.”

ಬೈಗುಳ ಇರಲಿಲ್ಲ ಅದರಲ್ಲಿ. ಬರೀ ದಣಿವು. ಯಮನೂರಪ್ಪ ನನ್ನನ್ನು ನೆಲಕ್ಕೂರಿ, ಬಗ್ಗಿ ತಾನೂ ಒಂದು ಹಿಡಿ ಹೂಳು ಎತ್ತಿಕೊಂಡ.

“ನಮ್ಮೂರಾಗ ಕೆರಿ ಹೂಳನ್ನ ಬಂಡಿ ಕಟ್ಟಿ ಹೊಲಕ್ಕ ಹೇರ್ತೀವಿ, ಯವ್ವಾ. ಹೊಲಕ್ಕ ತುಪ್ಪ ಬಡಿಸಿದಂಗ ಅಂತಿದ್ದ ನಮ್ಮಪ್ಪ. ಇಲ್ಲಿ ಬಂದು ಮೂರು ವರ್ಷ ಅದನ್ನ ತಗದು ಒಗದೀನಿ.”

ಅವನದು ಕನ್ನಡ, ಅವಳಿಗೆ ಒಂದಕ್ಷರ ಬಾರದು. ಆದರೂ ಅವಳು ತಲೆಯಾಡಿಸಿದಳು.

ಸಂಜೆ ಅವನು ಊರವರ ಮುಂದೆ ತನಗೆ ಬರುವ ಹರಕು ಹಿಂದಿಯಲ್ಲಿ ತಪ್ಪು ಒಪ್ಪಿಕೊಂಡ. ತೊಟ್ಟಿಯ ತಳಗೋಡೆ ಒಡೆಯಬೇಕು, ಹಿಟ್ಟು ಹರಿದು ಹೋಗಬೇಕು ಎಂದ. ಜನ ಗೊಣಗಿದರು. ಮತ್ತೆ ಹತ್ತು ದಿನ ಕಾಲುವೆ ಬಳಿಯುವವರು ಯಾರು? “ಮೂರು ವರ್ಷ ಸೊಂಟಕ್ಕ ಸುಖ ತೋರಿಸಿ ಈಗ ಕಸಗೊಳ್ತಿ ಅಲ್ಲೋ” ಎಂದ ಒಬ್ಬ. ಮೇಮೆ ಫುಂಚೋಗ್ ಆಗ ಬಾಯಿಬಿಟ್ಟ. ನೀರಿನಲ್ಲಿ ಹೊಲದ ಊಟ ಇಲ್ಲವೆಂದು ತಿಳಿನೀರು ಬಂದ ದಿನವೇ ತನ್ನ ಬೆರಳಿಗೆ ಗೊತ್ತಾಗಿತ್ತು, ತನಗೂ ಸೊಂಟದ ಸುಖ ಬೇಕಾಗಿತ್ತು, ಅದಕ್ಕೇ ಸುಮ್ಮನಿದ್ದೆ ಅಂದ. ಗೋಡೆ ಒಡೆಯಲು ಊರು ಒಪ್ಪಿತು.

ಒಂದು ಹನಿ ಸೋರದಂತೆ ಕಟ್ಟಿದ ಗೋಡೆಯನ್ನು ಕಟ್ಟಿದವನೇ ಒಡೆದ. ಸುತ್ತಿಗೆ ಗೋಡೆ ಒಡೆಯಿತು, ಕಲ್ಲುಗಳನ್ನು ನಾನು ಎಬ್ಬಿಸಿದೆ. ನನ್ನ ಬಲಮೂಲೆ ಮುರಿದದ್ದು ಆ ದಿನ. ಬಿಳಿಯ ನೀರು ನುಗ್ಗಿ ಕಾಲುವೆಗೆ ಇಳಿಯಿತು. ಗುಡ್ಡೆಯ ಹೂಳನ್ನೂ ನಾವು ದಿನಕ್ಕಿಷ್ಟು ನೀರಿಗೆ ಎಸೆದೆವು. ಈ ಸಲ ಎಸೆತ ಸರಿಯಾದ ಕಡೆಗೆ.

ಸುದ್ದಿ ತಿಳಿದ ಗುತ್ತಿಗೆದಾರ ಯಮನೂರಪ್ಪನನ್ನು ಕೆಲಸದಿಂದ ಬಿಡಿಸಿದ. ಹೋಗುವ ದಿನ ಅವನು ನನ್ನನ್ನು ಗೋಣಿಯಲ್ಲಿ ಸುತ್ತಲಿಲ್ಲ. ಡೋಲ್ಕರಳ ಬಾಗಿಲಿಗೆ ಒರಗಿಸಿ, ಕಾವಿನ ಮೇಲೊಮ್ಮೆ ಅಂಗೈ ಆಡಿಸಿ ಹೋದ. ಅವನು ಆ ಕೊಯ್ಲು ನೋಡಲೇ ಇಲ್ಲ.

ನಾನು ನೋಡಿದೆ. ಬೆಳೆ ಏನೂ ಪವಾಡವಾಗಿರಲಿಲ್ಲ. ಹಸಿದವನಿಗೆ ಒಂದೇ ಊಟದಲ್ಲಿ ಮೈ ತುಂಬುತ್ತದೆಯೇ? ತೊಡೆಯವರೆಗೆ ಬಂದಿತ್ತು, ಇನ್ನೊಂದು ಗೇಣು ಬೇಕಿತ್ತು. ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಡೋಲ್ಕರ್ ನನ್ನನ್ನು ಊರಿಕೊಂಡು ನಿಂತಿದ್ದಳು. ಅವಳ ಹಿಡಿತಕ್ಕೆ ನನ್ನ ಕಾವು ಕಿರುಗುಟ್ಟಿತು. ಮೇಮೆ ಹೊಲದ ನಡುವೆ ಹೋಗಿ, ಬೆನ್ನು ಬಾಗಿಸಿ, ಮಂಡಿ ಮಡಿಸಿ ನಿಂತ. ತೆನೆಗಳು ನಡುಪಟ್ಟಿಗೆ ತಾಗಿದವು.

“ಮೇಮೆ, ನೆಟ್ಟಗ ನಿಂದರ್ರಿ,” ಎಂದು ಯಾರೋ ಕೂಗಿದರು.

“ಈ ವಯಸ್ಸಿಗೆ ಇದ ನೆಟ್ಟಗ,” ಅಂದ ಮೇಮೆ.

ಜನ ನಕ್ಕರು. ನಕ್ಕ ಮೇಲೆ ಮತ್ತೆ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಸರದಿ ಉಳಿಯಿತು. ಮರುವರ್ಷ ಮೇಮೆ ನೆಟ್ಟಗೇ ನಿಂತ, ತೆನೆ ತಾನಾಗಿ ತಾಗಿತು.

ಆಮೇಲಿನದು ಬರೀ ದುಡಿಮೆ. ವಸಂತ ಬಂದರೆ ಹತ್ತು ದಿನ ಕಾಲುವೆ ಬಳಿಯುವುದು. ಹಿಮದ ಹಿಟ್ಟು ವರ್ಷಕ್ಕೊಂದು ಕೂದಲೆಳೆಯಷ್ಟು ನನ್ನನ್ನು ತಿಂದಿತು. ಕಾವು ಎರಡು ಸಲ ಬದಲಾಯಿತು, ಮೂರನೆಯದು ಮುರಿದ ಮೇಲೆ ಯಾರೂ ಹಾಕಲಿಲ್ಲ. ಡೋಲ್ಕರ್ ನನ್ನನ್ನು ತನ್ನ ಹೊಲದ ನೀರಿನ ಬಾಯಿಗೆ ಅಡ್ಡ ನಿಲ್ಲಿಸಿದಳು. ಸರದಿ ಬಂದಾಗ ಎತ್ತುತ್ತಾಳೆ, ಮುಗಿದಾಗ ಇಳಿಸುತ್ತಾಳೆ. ಎತ್ತುವ ಕಾಲ ಹೋಗಿ ಎತ್ತಿಸಿಕೊಳ್ಳುವ ಕಾಲ ಬಂತು.

ಒಮ್ಮೆ ನೀರು ಪರೀಕ್ಷೆ ಮಾಡುವ ಹೆಂಗಸೊಬ್ಬಳು ಬಾಟಲಿ ಹಿಡಿದು ಇಲ್ಲಿಗೆ ಬಂದಿದ್ದಳು. ಈ ಬಿಳುಪಿನಲ್ಲಿ ರಂಜಕವಿದೆ, ಪೊಟ್ಯಾಷಿದೆ, ಕಬ್ಬಿಣವಿದೆ ಎಂದು ಡೋಲ್ಕರಳಿಗೆ ತಿಳಿಸಿದಳು. ಹೊಲ ಉಂಡು ಉಳಿದದ್ದು ಕೆಳಗಿನ ಜೌಗಿನ ಹುಲ್ಲಿಗೆ, ಹಕ್ಕಿಗೆ, ನದಿಯ ಪಾಚಿಗೆ, ಪಾಚಿ ತಿನ್ನುವ ಹುಳುವಿಗೆ, ಹುಳು ತಿನ್ನುವ ಮೀನಿಗೆ. ಅದೂ ಮಿಕ್ಕಿದ್ದು ಸಮುದ್ರದವರೆಗೆ. ಡೋಲ್ಕರ್ ಕೇಳಿದಳು, “ಸಮುದ್ರ ಭಾಳ ದೂರ ಏನು?” ದೂರ, ಅಂದಳು ಆಕೆ. “ಪಾಪ, ಅಲ್ಲಿಯವರಿಗೂ ಹಸಿವು ಇರ್ತೈತಿ,” ಅಂದಳು ಡೋಲ್ಕರ್.

ನನ್ನ ಕಬ್ಬಿಣ ಎಲ್ಲಿ ಹೋಯಿತು ಎಂದರೆ, ಅಲ್ಲಿಗೆ ಹೋಯಿತು. ಕಳೆದುಕೊಂಡೆ ಅನ್ನಲಾರೆ. ಬಡಿಸುವ ಸೌಟು ಸವೆಯದೆ ಇರುತ್ತದೆಯೇ?

ಮೇಮೆ ಈಗಿಲ್ಲ. ಹಿಮ ಇನ್ನೂ ಮೇಲಕ್ಕೆ ಸರಿದಿದೆ, ಈ ವರ್ಷ ನೀರು ಹದಿನೈದು ದಿನ ತಡ. ಇನ್ನೆಷ್ಟು ಬೇಸಿಗೆ ಬರುತ್ತದೋ ನನಗೆ ತಿಳಿಯದು. ಇವತ್ತು ಬೆಳಿಗ್ಗೆ ಕಾಲುವೆಯಲ್ಲಿ ಸದ್ದಾಯಿತು. ಡೋಲ್ಕರ್ ಕೋಲೂರಿಕೊಂಡು ಬಂದು, ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ನೀರಿಗೆ ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿದಳು. ಮತ್ತೆ ಉಜ್ಜಿದಳು. ನಾನು ಕಾದೆ.

“ಐತಿ,” ಅಂದಳು. ಎರಡೂ ಕೈಯಿಂದ ನನ್ನನ್ನು ಎತ್ತಿದಳು.